ನೂರು ಜನರನ್ನೂ ತರದ ಹಡಗು

1798ರ ಏಪ್ರಿಲ್ ಕೊನೆಯಲ್ಲಿ ಮಂಗಳೂರಿಗೆ ಬಂದ ಫ್ರೆಂಚ್ ಯುದ್ಧನೌಕೆಯ ಹೆಸರು ‘ಲಾ ಪ್ರೆನೋಜ್’. ಫ್ರೆಂಚಿನಲ್ಲಿ ಅದು ಸ್ತ್ರೀಲಿಂಗದ ಪದ, ‘ಹಿಡಿಯುವವಳು’ ಎಂದರ್ಥ. ಹೆಸರಿಗೆ ತಕ್ಕಂತೆ, ಬರುವ ದಾರಿಯಲ್ಲೇ ತಲಶ್ಶೇರಿಯಲ್ಲಿ ಲಂಗರು ಹಾಕಿದ್ದ ಈಸ್ಟ್ ಇಂಡಿಯಾ ಕಂಪನಿಯ ಎರಡು ಹಡಗುಗಳನ್ನು, ವುಡ್‌ಕಾಟ್ ಮತ್ತು ರೇಮಂಡ್‌ಗಳನ್ನು, ಹಿಡಿದುಕೊಂಡಿತ್ತು. ಮಂಗಳೂರಿನಲ್ಲಿ ಅದು ಇಳಿಸಿದ್ದು ಮಾರಿಷಸ್‌ಗೆ ಹೋಗಿದ್ದ ಟಿಪ್ಪು ಸುಲ್ತಾನನ ರಾಯಭಾರಿಗಳನ್ನು, ಜೊತೆಗೆ ಅವನ ಪರ ಹೋರಾಡಲು ಬಂದವರನ್ನು. ಇವರ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ.

ಟಿಪ್ಪು ಬಯಸಿದ್ದು ಸಾವಿರಗಟ್ಟಲೆ ಸೈನಿಕರನ್ನು. ಆ ಆಸೆ ಹುಟ್ಟಿಸಿದವನು ರಿಪೋ. ಶತ್ರು ಹಡಗುಗಳನ್ನು ದೋಚುತ್ತಿದ್ದ ಈ ಫ್ರೆಂಚ್ ಕಪ್ತಾನ 1797ರಲ್ಲಿ ಹಾಳಾದ ಹಡಗಿನೊಂದಿಗೆ ಮಂಗಳೂರು ಸೇರಿ, ಆಗ ಫ್ರೆಂಚರ ಕೈಯಲ್ಲಿದ್ದ ಮಾರಿಷಸ್‌ನಲ್ಲಿ ದಂಡು ಕಾದು ನಿಂತಿದೆಯೆಂದು ನಂಬಿಸಿದ. ದಂಡಿರಲಿಲ್ಲ. ಟಿಪ್ಪುವಿಗೆ ಈ ಮಾತುಕತೆ ಗುಟ್ಟಾಗಿರಬೇಕಿತ್ತು. ಅಲ್ಲಿನ ಗವರ್ನರ್ ಮಾಲಾರ್ತಿಕ್ ಮಾತ್ರ 1798ರ ಜನವರಿ 30ರಂದು ಬಹಿರಂಗ ಪ್ರಕಟಣೆ ಹೊರಡಿಸಿ ಸ್ವಯಂಸೇವಕರನ್ನು ಕರೆದ. ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪು ಫ್ರೆಂಚರ ನೆರವು ಕೇಳಿದ್ದಾನೆಂದು ಊರಿಗೆಲ್ಲ ಸಾರಿಬಿಟ್ಟ. ಕೊಡಲು ಸೈನ್ಯವಿಲ್ಲದವನು ಕನಿಷ್ಠ ಬಾಯಿಯನ್ನಾದರೂ ಮುಚ್ಚಿಕೊಂಡಿರಬಹುದಿತ್ತು.

ಪ್ರಕಟಣೆಯ ಪ್ರತಿ ಜೂನ್‌ನಲ್ಲಿ ಕಲ್ಕತ್ತೆ ತಲುಪಿತು. ಮುಂದೆ ವೆಲ್ಲೆಸ್ಲಿ ಎಂದು ಹೆಸರಾದ ಗವರ್ನರ್ ಜನರಲ್ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬಂದವರು ಎಷ್ಟು ಜನ ಎಂಬುದು ಅವನಿಗೆ ಮುಖ್ಯವಾಗಲಿಲ್ಲ. ಅವರು ಬಂದದ್ದೇ ಸಾಕಾಯಿತು. ಫ್ರೆಂಚರೊಡನೆ ಸೇರಿದ್ದೇ ಹಗೆತನದ ಕೃತ್ಯ ಎಂದು ವಾದಿಸಿ ಯುದ್ಧದ ಸಿದ್ಧತೆಗೆ ಇಳಿದ. ಪ್ರೆನೋಜ್ ಬರದಿದ್ದರೂ ಅವನು ಬೇರೊಂದು ನೆಪ ಹುಡುಕುತ್ತಿದ್ದನೇನೋ. ಆದರೆ ಇದರಷ್ಟು ಅನುಕೂಲದ ನೆಪ ಸಿಗುತ್ತಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಅಷ್ಟರಲ್ಲಿ ಹಡಗು ಜಾವಾದ ಕಡೆ ಹೋಗಿ ಬಂದಿತ್ತು. ಕಪ್ತಾನ ಲೆರ್ಮಿತ್ ಗಟ್ಟಿ ಆಸಾಮಿ. ಸೆಪ್ಟೆಂಬರ್ 20ರಂದು ದಕ್ಷಿಣ ಆಫ್ರಿಕಾದ ಅಲ್ಗೋವಾ ಕೊಲ್ಲಿಯಲ್ಲಿ ಎರಡು ಬ್ರಿಟಿಷ್ ಹಡಗುಗಳೊಡನೆ ರಾತ್ರಿ ಕಾದಾಡಿ ಹಿಮ್ಮೆಟ್ಟಬೇಕಾಯಿತು. ಮರುತಿಂಗಳು ತನಗಿಂತ ದೊಡ್ಡದಾದ, 50 ತೋಪುಗಳ ‘ಜುಪಿಟರ್’ ಬೆನ್ನಟ್ಟಿ ಬಂದಾಗ ತಿರುಗಿ ನಿಂತು ಅದನ್ನೇ ಓಡಿಸಿದ. ಜರ್ಜರಿತವಾದ ಹಡಗು ಡಿಸೆಂಬರ್ 11ರಂದು ಪೋರ್ಟ್ ಲೂಯಿ ಮುಟ್ಟುವ ಹೊತ್ತಿಗೆ ‘ಟ್ರೆಮೆಂಡಸ್’, ‘ಅಡಮಂಟ್’ ದಾರಿ ಕಟ್ಟಿದವು. ಪ್ರೆನೋಜ್ ದಡದ ಬಳಿ ನೆಲಕಚ್ಚಿ ಶರಣಾಯಿತು. ರಾತ್ರಿ ದೋಣಿಗಳಲ್ಲಿ ಬಂದ ಬ್ರಿಟಿಷ್ ನಾವಿಕರು ಅದಕ್ಕೆ ಬೆಂಕಿಯಿಟ್ಟರು. ಟಿಪ್ಪುವಿನ ರಾಯಭಾರಿಗಳನ್ನು ಹತ್ತಿಸಿಕೊಂಡು ಅದು ಹೊರಟಿದ್ದ ಬಂದರು ಅಲ್ಲೇ ಹತ್ತಿರದಲ್ಲಿತ್ತು.