ಕತ್ತಲೆಕಾನಿನ ಜಡ್ಡಿಗಳಲ್ಲಿ ಅಪರೂಪದ ವೃಕ್ಷಸಂಪತ್ತು

ಹೊನ್ನಾವರದಿಂದ ಗೇರುಸೊಪ್ಪೆ ಮಾರ್ಗವಾಗಿ ಜೋಗದ ಕಡೆಗೆ ಘಟ್ಟವೇರುವ ಹೆದ್ದಾರಿಯ ಮಗ್ಗುಲಲ್ಲೇ, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಎಂಬ ನಿತ್ಯಹರಿದ್ವರ್ಣ ಅರಣ್ಯವಿದೆ. ನಡುಹಗಲಲ್ಲೂ ನೆಲಕ್ಕೆ ಬಿಸಿಲು ತಾಗುವುದು ವಿರಳವಾದ್ದರಿಂದ ಹೆಸರು ಅನ್ವರ್ಥವಾಗಿಯೇ ಇದೆ. ನಿತ್ಯ ಬಸ್ಸು, ಲಾರಿಗಳು ಹಾದುಹೋಗುವ ಈ ಕಾಡಿನಲ್ಲಿದ್ದ ಮರವೊಂದು ಸಸ್ಯಶಾಸ್ತ್ರದ ದಾಖಲೆಗೆ ಸೇರಿದ್ದು 2000ರಲ್ಲಿ ಮಾತ್ರ.

ದಾಸಪ್ಪ ಹಾಗೂ ಅರಣ್ಯಾಧಿಕಾರಿ ಎಂ.ಎಚ್. ಸ್ವಾಮಿನಾಥ್ ಈ ಹೊಸ ಪ್ರಭೇದವನ್ನು ವಿವರಿಸಿ ಅದಕ್ಕೆ ಊರಿನ ಹೆಸರನ್ನೇ ಇಟ್ಟರು: ಸೆಮಿಕಾರ್ಪಸ್ ಕತ್ತಲೇಕಾನೆನ್ಸಿಸ್. ಇದು ಮಾವು, ಗೋಡಂಬಿಗಳ ಕುಟುಂಬಕ್ಕೆ ಸೇರಿದ ಮರ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರಕ್ಕೆ ಹತ್ತಿರದ ಸಂಬಂಧಿ. ಆದರೆ ಕೇರು ಒಣ ಕಾಡಿನಲ್ಲೂ ಬೆಳೆಯುತ್ತದೆ. ಇದು ಬೆರಳೆಣಿಕೆಯ ಜಡ್ಡಿಗಳನ್ನು ಬಿಟ್ಟು ಬೇರೆಲ್ಲೂ ಕಾಣದು.

ಜಡ್ಡಿ ಎಂದರೆ ಮಲೆನಾಡಿನವರ ಮಾತಿನಲ್ಲಿ ಜೌಗು ನೆಲ. ತಾಳಿಕೋಟೆ, ಮುದ್ದೇಬಿಹಾಳ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿಯುವುದನ್ನು ಕಂಡವರಿಗೆ ಇದರ ಕಲ್ಪನೆ ಸುಲಭಕ್ಕೆ ಬಾರದು. ಕಣಿವೆಯ ತಳದಲ್ಲಿ ತೊರೆಯ ನೀರು ನಿಧಾನವಾಗಿ ಹರಡಿ, ವರ್ಷವಿಡೀ ಕೆಸರು ಆರದಂತೆ ಉಳಿಯುತ್ತದೆ. ಇಂಥ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿನ ಮರಗಳು ಬೇರನ್ನೇ ಹೊರಗೆ ಚಾಚಿ ಉಸಿರಾಡುತ್ತವೆ. ಜಾಯಿಕಾಯಿ ಕುಟುಂಬದ ಮಿರಿಸ್ಟಿಕಾ ಮರ ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟರೆ, ಅದೇ ಕುಟುಂಬದ ಜಿಮ್ನಾಕ್ರಾಂಥೆರಾ ಮರದ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ರಾಮಪತ್ರೆಯೂ ಇದೇ ಕುಟುಂಬದ್ದಾದ್ದರಿಂದ ಇವಕ್ಕೆ ರಾಮಪತ್ರೆ ಜಡ್ಡಿ ಎಂಬ ಹೆಸರು ಬಳಕೆಯಲ್ಲಿದೆ. ಈ ಬಗೆಯ ಕಾಡನ್ನು ವಿಜ್ಞಾನ ಲೋಕಕ್ಕೆ ಮೊದಲು ಪರಿಚಯಿಸಿದ್ದು 1960ರಲ್ಲಿ ತಿರುವಾಂಕೂರು ಅರಣ್ಯಗಳ ಕುರಿತು ಕೃಷ್ಣಮೂರ್ತಿ ಬರೆದ ಲೇಖನ.

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಎಂ.ಡಿ. ಸುಭಾಶ್ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾಡುಗಳನ್ನು ಅಲೆದು 2008ರಲ್ಲಿ ಪ್ರಕಟಿಸಿದ ವರದಿ ಇನ್ನಷ್ಟು ಕುತೂಹಲ ಮೂಡಿಸಿತು. ಹಿಪ್ಪೆಯ ಬಳಗಕ್ಕೆ ಸೇರಿದ ಮಧುಕಾ ಬೋರ್ಡಿಲ್ಲೋನಿ ಹಾಗೂ ನೇರಳೆ ಬಳಗದ ಸೈಜಿಜಿಯಂ ಟ್ರಾವಂಕೋರಿಕಂ ಎಂಬೆರಡು ಮರಗಳು ಇಲ್ಲಿಯೂ ಇರುವುದನ್ನು ಅವರು ತೋರಿಸಿಕೊಟ್ಟರು. ದಕ್ಷಿಣ ಕೇರಳದ ಸ್ವತ್ತೆಂದೇ ಭಾವಿಸಲಾಗಿದ್ದ, ಅಳಿವಿನಂಚಿನಲ್ಲಿರುವ ಈ ಮರಗಳು ನೂರಾರು ಕಿಲೋಮೀಟರ್ ಉತ್ತರದಲ್ಲಿ ಕಾಣಿಸಿದ್ದು ಹೇಗೆ? ಹಿಂದೊಮ್ಮೆ ಘಟ್ಟದುದ್ದಕ್ಕೂ ಹಬ್ಬಿದ್ದ ಕಾಡಿನ ಪಳೆಯುಳಿಕೆಗಳಿವು ಎಂಬುದು ಸಂಶೋಧಕರ ಅಭಿಪ್ರಾಯ.

ಈ ಉಳಿಕೆಗೆ ಜನರ ನಂಬಿಕೆಯ ಪಾಲೂ ಇದೆ. ಕಾನು ಎಂದರೆ ಬರಿಯ ಕಾಡಲ್ಲ. ದೇವರಿಗೆ ಬಿಟ್ಟ, ಊರವರು ಕೊಡಲಿ ಹಾಕದ, ಕಾಳುಮೆಣಸಿನಂಥ ಉತ್ಪನ್ನವನ್ನಷ್ಟೇ ಕೊಯ್ದುಕೊಳ್ಳುತ್ತಿದ್ದ ತಾಣ. ಆದರೆ ನೀರಿರುವ ಕಣಿವೆ ತಳದ ಮೇಲೆ ಕೃಷಿಕನ ಕಣ್ಣೂ ಬೀಳುವುದು ಸಹಜ. ಅನೇಕ ಜಡ್ಡಿಗಳು ಗದ್ದೆ, ಅಡಕೆ ತೋಟಗಳಾಗಿ ಹೋಗಿವೆ. ಮರ ಕಡಿಯಲೇಬೇಕೆಂದಿಲ್ಲ, ಮೇಲ್ಭಾಗದಲ್ಲಿ ತೊರೆಯನ್ನು ತಿರುಗಿಸಿದರೂ ಸಾಕು, ಕೆಳಗಿನ ಜಡ್ಡಿ ಒಣಗುತ್ತದೆ.

ರಾಜ್ಯ ಸರ್ಕಾರ 2011ರಲ್ಲಿ ಸುಮಾರು 299 ಚದರ ಕಿ.ಮೀ. ಪ್ರದೇಶವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲೆಂದು ಘೋಷಿಸಿದಾಗ ಕತ್ತಲೆಕಾನಿಗೂ ರಕ್ಷಣೆ ದೊರೆಯಿತು. 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ವಿಲೀನವಾಯಿತು. ಪ್ರಾಣಿಯ ಹೆಸರಿನಲ್ಲಿ ಮರಗಳಿಗೆ ಸಿಕ್ಕ ಆಸರೆ ಇದು ಎನ್ನಬಹುದು.

ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಜ್ಞಾನಿಗಳು ಜಡ್ಡಿ ಮರಗಳ ಸಸಿ ಬೆಳೆಸಿ ನೆಡುವ ಪ್ರಯತ್ನ ಕೈಗೊಂಡಿದ್ದಾರೆ. ಕೆಲಸ ಸುಲಭದ್ದಲ್ಲ. ಜಾಯಿಕಾಯಿ ಕುಟುಂಬದ ಮರಗಳಲ್ಲಿ ಸಾಮಾನ್ಯವಾಗಿ ಗಂಡು, ಹೆಣ್ಣು ಬೇರೆ ಬೇರೆ. ಹತ್ತಿರದಲ್ಲಿ ಗಂಡು ಮರವಿಲ್ಲದಿದ್ದರೆ ಹೆಣ್ಣು ಮರ ಕಾಯಿ ಕಟ್ಟದು. ಕಟ್ಟಿದ ಬೀಜವನ್ನು ಒಣಗಿಸಿ ಕಾಪಿಡುವಂತೆಯೂ ಇಲ್ಲ, ತೇವ ಆರಿದರೆ ಮೊಳಕೆಯೊಡೆಯುವ ಶಕ್ತಿಯೇ ಹೋಗುತ್ತದೆ. ಹೀಗಾಗಿ ಬೀಜ ಬಿದ್ದ ಕಾಲಕ್ಕೇ ಆರಿಸಿ ತಂದು ಪಾತಿಗೆ ಹಾಕಬೇಕು, ಎದ್ದ ಸಸಿಯನ್ನು ಮತ್ತೆ ನೀರು ಬತ್ತದ ಜಡ್ಡಿಗೇ ಒಯ್ಯಬೇಕು.