ವಿರ್ಗೋ ಕೊಲ್ಲಿಯೂ ಧ್ರುವಾನ್ವೇಷಣೆಯೂ

ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ವಾಯವ್ಯ ಮೂಲೆಯಲ್ಲಿ ಡೇನರ ದ್ವೀಪವೆಂಬುದೊಂದಿದೆ. ಅದರ ಉತ್ತರ ತೀರದ ಕಿರುಗೊಲ್ಲಿಗೆ ವಿರ್ಗೋ ಎಂದು ಹೆಸರು. ಉತ್ತರ ಧ್ರುವಕ್ಕೆ ಅಲ್ಲಿಂದ ಸುಮಾರು 1,150 ಕಿಲೋಮೀಟರು. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ಈ ಕರಾವಳಿಯವರೆಗೂ ಹರಿಯುವುದರಿಂದ, ಅಷ್ಟು ಉತ್ತರದಲ್ಲಿದ್ದರೂ ಬೇಸಗೆಯಲ್ಲಿ ಹಡಗುಗಳು ಅಲ್ಲಿಗೆ ಹೋಗಬಹುದು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಅಲ್ಲಿ ತಿಮಿಂಗಿಲದ ಕೊಬ್ಬನ್ನು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಅವರ ಒಲೆಗಳ ಅವಶೇಷಗಳೂ ಸಮಾಧಿಗಳೂ ಇಂದಿಗೂ ಇವೆ. 1888ರಲ್ಲಿ ಪೈಕ್ ಎಂಬ ಆಂಗ್ಲನು ಮನೆಯೊಂದನ್ನು ಕಟ್ಟಿಸಿ ಚಳಿಗಾಲವನ್ನು ಅಲ್ಲಿಯೇ ಕಳೆದನು. ಆದರೆ ಕೊಲ್ಲಿಗೆ ಈಗಿನ ಹೆಸರು ಬಂದುದು 1896ರಲ್ಲಿ, ಸ್ವೀಡನ್ನಿನ ಸಾಲೊಮನ್ ಆಗಸ್ಟ್ ಆಂಡ್ರೇಯನ್ನೂ ಅವನ ಬೆಲೂನನ್ನೂ ಹೊತ್ತು ತಂದ ಹಡಗಿನಿಂದ.

ಈ ಕೊಲ್ಲಿಯ ಚರಿತ್ರೆಯೆಂದರೆ 1897ರ ಜುಲೈ 11ರ ಆರೋಹಣವೆಂದೇ ಸಾಮಾನ್ಯವಾಗಿ ಎಣಿಸುವುದುಂಟು. ಹಿಂದಿನ ವರ್ಷದ ಬೇಸಗೆಯು ಅದಕ್ಕಿಂತ ಹೆಚ್ಚು ವಿಚಾರಾರ್ಹವಾದುದು. ಆ ವರ್ಷ ದಡದಲ್ಲಿ ಬೆಲೂನಿಗಾಗಿ ಎತ್ತರವಾದ ಮರದ ಮನೆಯನ್ನು ಕಟ್ಟಿ, ಕಬ್ಬಿಣದ ಪುಡಿಯ ಮೇಲೆ ಗಂಧಕಾಮ್ಲವನ್ನು ಹಾಯಿಸಿ ಜಲಜನಕವನ್ನು ತಯಾರಿಸಿದರು. ದಕ್ಷಿಣದ ಗಾಳಿ ಬೀಸಬೇಕಾಗಿತ್ತು, ಬೀಸಲಿಲ್ಲ. ಕಾಯುವ ದಿನಗಳಲ್ಲಿ, ಜತೆಯಲ್ಲಿ ಹೋಗಬೇಕಾಗಿದ್ದ ಪವನಶಾಸ್ತ್ರಜ್ಞ ನೀಲ್ಸ್ ಏಕ್‌ಹೋಲ್ಮನು ಅನಿಲದ ಸೋರಿಕೆಯನ್ನು ಅಳೆದನು. ಇವನು ಸಾಮಾನ್ಯನಲ್ಲ, 1882–83ರಲ್ಲಿ ಸ್ಪಿಟ್ಸ್‌ಬರ್ಗನ್ನಿನಲ್ಲಿ ಬೀಡುಬಿಟ್ಟಿದ್ದ ಸ್ವೀಡಿಷ್ ಮಂಡಲಿಗೆ ಮುಖಂಡನಾಗಿದ್ದವನು. ಆಗ ಆಂಡ್ರೇಯು ಅವನ ಕೈಕೆಳಗೆ ಕೆಲಸ ಮಾಡಿದ್ದನು.

ರೇಷ್ಮೆಯ ಹೊಲಿಗೆಯ ಲಕ್ಷಾಂತರ ಸೂಜಿರಂಧ್ರಗಳ ಮೂಲಕ ಬೆಲೂನು ದಿನವೊಂದಕ್ಕೆ 68 ಕಿಲೋಗ್ರಾಮಿನಷ್ಟು ಎತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತಿರುವುದೆಂದು ಏಕ್‌ಹೋಲ್ಮನು ಕಂಡುಕೊಂಡನು. ಆಂಡ್ರೇಯು 30 ದಿನಗಳ ಹಾರಾಟವನ್ನು ನಂಬಿದ್ದನು. ಏಕ್‌ಹೋಲ್ಮನ ಲೆಕ್ಕಕ್ಕೆ 17 ದಿನಗಳೇ ಹೆಚ್ಚು. ಅಳತೆಗಳಲ್ಲಿ ಅವನಿಗೆ ಅರ್ಥವಾಗದ ಅಂಕಿಗಳೂ ಕೆಲವು ಇದ್ದುವು. ಅವುಗಳ ಕಾರಣವು ಊರಿಗೆ ಹಿಂದಿರುಗುವಾಗ ಜಲಜನಕದ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನ ಬಾಯಿಂದ ತಿಳಿದುಬಂದಿತು: ಆಂಡ್ರೇಯು ಆಗಾಗ ಯಾರಿಗೂ ತಿಳಿಸದೆ ಬೆಲೂನಿಗೆ ಅನಿಲವನ್ನು ಮತ್ತೆ ತುಂಬಿಸುತ್ತಿದ್ದನು. ಏಕ್‌ಹೋಲ್ಮನು ಮಂಡಲಿಯನ್ನು ಬಿಟ್ಟನು. ಹಣ ಕೊಟ್ಟವರಲ್ಲಿ ಸ್ವೀಡನ್ನಿನ ದೊರೆಯೂ ಆಲ್‌ಫ್ರೆಡ್ ನೊಬೆಲನೂ ಇದ್ದರು. ಅಂಥವರೆದುರಿಗೆ ಹಿಂಜರಿಯುವುದು ಆಂಡ್ರೇಗೆ ಸುಲಭವಾಗಿರಲಿಲ್ಲವೆಂಬುದನ್ನು ಊಹಿಸಬಹುದು. ಆದರೂ ಈ ಮುಚ್ಚುಮರೆಗೆ ಅದು ಸಮಾಧಾನವಾಗಲಾರದು.

ಅದೇ ಆಗಸ್ಟಿನಲ್ಲಿ, ಹಿಮದೊಡನೆ ಮೂರು ವರ್ಷಗಳ ಕಾಲ ತೇಲಿಬಂದಿದ್ದ ನಾನ್ಸೆನ್ನನ ‘ಫ್ರಾಂ’ ನೌಕೆಯು, ಸ್ವೆರ್‌ಡ್ರೂಪನ ಅಧಿಪತ್ಯದಲ್ಲಿ ಡೇನರ ದ್ವೀಪಕ್ಕೆ ಬಂದು ಸೇರಿತು. ಹಿಮಕ್ಕೆ ತನ್ನನ್ನು ಒಪ್ಪಿಸಿಕೊಂಡ ಹಡಗು ಕೆಲಸ ಮುಗಿಸಿ ಬಂದಿತ್ತು. ಹಿಮದ ಮೇಲೆ ಹಾರಬೇಕಾಗಿದ್ದ ಬೆಲೂನು ಇನ್ನೂ ನೆಲವನ್ನು ಬಿಟ್ಟಿರಲಿಲ್ಲ.

ಮರುವರ್ಷ ಏಕ್‌ಹೋಲ್ಮನ ಸ್ಥಾನಕ್ಕೆ 27 ವರ್ಷದ ಯಂತ್ರಶಿಲ್ಪಿ ಕ್ನೂಟ್ ಫ್ರೆಂಕೆಲನು ಬಂದನು. ಛಾಯಾಗ್ರಾಹಕ ನೀಲ್ಸ್ ಸ್ಟ್ರಿಂಡ್‌ಬರ್ಗನಿಗೆ 24 ವರ್ಷ. ‘ಹದ್ದು’ ಎಂಬ ಹೆಸರಿನ ಆ ಬೆಲೂನು ಮೇಲೇರಿದ ಕೆಲವೇ ನಿಮಿಷಗಳಲ್ಲಿ ಕೆಳಗೆ ಕುಸಿದು ಕೊಲ್ಲಿಯ ನೀರಿಗೆ ತಗುಲಿತು. ಮಂಜಿನ ಮೇಲೆ ಎಳೆದಾಡುತ್ತ ಬೆಲೂನಿನ ವೇಗವನ್ನು ತಗ್ಗಿಸಿ, ಹಾಯಿಯಿಂದ ದಿಕ್ಕನ್ನು ತಿರುಗಿಸಲು ಆಸ್ಪದ ಕೊಡಬೇಕಾಗಿದ್ದ ಹಗ್ಗಗಳ ಬಹುಭಾಗವು ಆಗಲೇ ಕಳಚಿಹೋಯಿತು: 530 ಕಿಲೋಗ್ರಾಂ ಹಗ್ಗ. ಗಾಬರಿಯಿಂದ ಎಸೆದ ಮರಳು 210 ಕಿಲೋಗ್ರಾಂ. ಹೀಗೆ ಭಾರವಿಳಿದು, ನಿಯಂತ್ರಣವೂ ತಪ್ಪಿ, ಬೆಲೂನು ಉದ್ದೇಶಿಸಿದುದಕ್ಕಿಂತ ಬಹಳ ಮೇಲಕ್ಕೆ ಹೋಗಿ ಅನಿಲವನ್ನು ಬೇಗಬೇಗನೆ ಕಳೆದುಕೊಂಡಿತು. ಮಂಜು ಕವಿದು ಅದರ ಮೇಲೆ ಹೆಪ್ಪುಗಟ್ಟಿತು. ಜುಲೈ 14ರಂದು, ಸುಮಾರು 65 ಗಂಟೆಗಳಾದ ಮೇಲೆ, ಅದು ಹಿಮದ ಮೇಲಿಳಿಯಿತು. ಏಕ್‌ಹೋಲ್ಮನ 17 ದಿನಗಳ ಲೆಕ್ಕವು ಸರಿಯೋ ತಪ್ಪೋ ಎಂಬುದು ಪರೀಕ್ಷೆಗೆ ಬರಲೇ ಇಲ್ಲ; ಆದುದರಿಂದ ಸೋರಿಕೆಯೊಂದೇ ಮೂವರನ್ನೂ ಕೊಂದಿತೆಂದು ಹೇಳುವುದು ನ್ಯಾಯವಲ್ಲ. ಹೋಗಬಾರದೆಂಬುದಕ್ಕೆ ಬೇಕಾದ ಆಧಾರವು ಮಾತ್ರ ಒಂದು ವರ್ಷ ಮೊದಲೇ ಅದೇ ದಡದಲ್ಲಿ ದೊರೆತಿದ್ದಿತು. ಮೂವರೂ ಹಿಮದ ಮೇಲೆ ನಡೆದು ಅಕ್ಟೋಬರಿನಲ್ಲಿ ಶ್ವೇತದ್ವೀಪವನ್ನು ಮುಟ್ಟಿ ಅಲ್ಲಿ ಮಡಿದರು. ಅವರ ಶರೀರಗಳೂ ದಿನಚರಿಗಳೂ ದೊರೆತುದು 1930ರಲ್ಲಿ.

ಅಮೆರಿಕದ ಪತ್ರಿಕೋದ್ಯೋಗಿ ವಾಲ್ಟರ್ ವೆಲ್‌ಮನ್ನನು 1906ರಲ್ಲಿ ಅಲ್ಲಿಗೇ ಬಂದು, ಯಂತ್ರದಿಂದ ನಡೆಯುವ ‘ಅಮೆರಿಕ’ ಎಂಬ ವಾಯುನೌಕೆಗೆ ಮನೆ ಕಟ್ಟಿಸಿದನು. 1907ರ ಯತ್ನವು ಅಲ್ಪದರಲ್ಲಿ ಮುಗಿಯಿತು. 1909ರಲ್ಲಿ, ತೂಕದ ಸಮತೋಲಕ್ಕಾಗಿ ಆಹಾರಪದಾರ್ಥವನ್ನು ತುಂಬಿ ಇಳಿಬಿಟ್ಟಿದ್ದ ತೊಗಲಿನ ಕೊಳವೆಯು ಕಳಚಿ ಬಿದ್ದಿತು. ನಾರ್ವೆಯ ಹಡಗೊಂದು ನೌಕೆಯನ್ನು ಎಳೆದು ತಂದಿತು. ಕುಕ್ ಮತ್ತು ಪಿಯರಿ ಧ್ರುವವನ್ನು ಮುಟ್ಟಿದರೆಂಬ ಸುದ್ದಿ ಹಬ್ಬಿದ ಮೇಲೆ ವೆಲ್‌ಮನ್ನನು ಅತ್ತ ಸುಳಿಯಲಿಲ್ಲ. 1926ರಲ್ಲಿ ಅಮುಂಡ್‌ಸೆನ್ನನ ‘ನಾರ್ಗೆ’ ವಾಯುನೌಕೆಯು ಧ್ರುವದ ಮೇಲೆ ಹಾರಿಹೋದುದು ಇನ್ನೂ ದಕ್ಷಿಣಕ್ಕಿರುವ ಕಿಂಗ್ಸ್ ಬೇ ಎಂಬಲ್ಲಿಂದ. ಅಲ್ಲಿ ಕಲ್ಲಿದ್ದಲ ಗಣಿಯ ವಸತಿ ಇದ್ದಿತು.

ವಿರ್ಗೋ ಕೊಲ್ಲಿಯ ದಡದಲ್ಲಿ ಈಗ ಕುಸಿದ ತೊಲೆಗಳೂ ಒಡೆದ ಮಣ್ಣಿನ ಕೊಳವೆಗಳೂ ತುಕ್ಕುಹಿಡಿದ ಕಬ್ಬಿಣದ ಪುಡಿಯ ರಾಶಿಯೂ ಬಿದ್ದಿವೆ. ಅವೂ ತಿಮಿಂಗಿಲಗಾರರ ಒಲೆಗಳೂ ಕಾಯ್ದಿರಿಸಿದ ಸ್ಮಾರಕಗಳು. ಸ್ವಾಲ್‌ಬಾರ್ಡಿನ ರಾಜ್ಯಪಾಲರ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಇಳಿಯುವಂತಿಲ್ಲ.