ಹಳೆಯ ಏಳು ಸೀಟಿನ ಕಾರು: ಗಡಿಯಾಚೆಯಿಂದ ತರುವವರ ಗಮನಕ್ಕೆ

ಕಾಸರಗೋಡಿನವರು ಮಂಗಳೂರಿನಿಂದ, ಹೊಸೂರಿನವರು ಬೆಂಗಳೂರಿನಿಂದ, ಅಕ್ಕಲಕೋಟೆಯವರು ಕಲಬುರಗಿಯಿಂದ ಹಳೆಯ ಕಾರು ತರುವುದುಂಟು. ಅಂಥ ಸದಸ್ಯರ ಅನುಕೂಲಕ್ಕಾಗಿ ಕೆಲವು ವಿಷಯಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಗಾಡಿ: 2012ರಲ್ಲಿ ಬಂದ ಎರ್ಟಿಗಾಕ್ಕೆ ಬಿಡಿಭಾಗ ಸಣ್ಣ ಊರಲ್ಲೂ ಸಿಗುತ್ತದೆ. 2019ರ ಟ್ರೈಬರ್ ನಾಲ್ಕು ಮೀಟರಿಗಿಂತ ಚಿಕ್ಕದು, ಹಿಂದಿನ ಸೀಟು ಕಳಚಿಡಬಹುದು. ಆದರೆ ಎಂಜಿನ್ 1 ಲೀಟರಿನದು. ವಯನಾಡು, ನೀಲಗಿರಿಯವರು ಮನೆಮಂದಿಯನ್ನೆಲ್ಲ ಕೂರಿಸಿ ಘಾಟಿ ಹತ್ತಿಸಿ ನೋಡುವುದು ಒಳ್ಳೆಯದು. ಇನ್ನೋವಾ ಗಟ್ಟಿ, ಹಳತಾದರೂ ಬೆಲೆ ಬೇಗ ಇಳಿಯದು. ಮೊದಲು ಟ್ಯಾಕ್ಸಿಯಾಗಿ ಓಡಿತ್ತೇ ಎಂದು ವಿಚಾರಿಸಿ. ಯಾವ ಗಾಡಿಯಾದರೂ ಮೂರನೆಯ ಸಾಲಿಗೆ ಹಿರಿಯರು ಹತ್ತಿ ಇಳಿಯಬಲ್ಲರೇ ನೋಡಿ.

ಕಾಗದಪತ್ರ: ಆರ್.ಸಿ.ಯಲ್ಲಿರುವ ಚಾಸಿ, ಎಂಜಿನ್ ನಂಬರುಗಳನ್ನು ಗಾಡಿಯೊಡನೆ ತಾಳೆ ನೋಡಿ. ಸಾಲವಿದ್ದಲ್ಲಿ ಬ್ಯಾಂಕಿನ ತೀರುವಳಿ ಪತ್ರ ಮತ್ತು ಫಾರಂ 35 ಬೇಕು. ಬೇರೆ ರಾಜ್ಯಕ್ಕೆ ತರಲು ಫಾರಂ 28ರ ಎನ್.ಒ.ಸಿ., ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಉಳಿದ ವರ್ಷ ಎಷ್ಟೆಂದು ಲೆಕ್ಕ ಹಾಕಿ.

ತೆರಿಗೆ: ಗಾಡಿ 12 ತಿಂಗಳು ಮೀರಿ ನಿಮ್ಮ ರಾಜ್ಯದಲ್ಲಿ ಉಳಿಯುವುದಾದರೆ ಇಲ್ಲಿನ ನಂಬರು ಮಾಡಿಸಲೇಬೇಕು, ಇಲ್ಲಿನ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಹಳೆಯ ರಾಜ್ಯದಲ್ಲಿ ಕಟ್ಟಿದ್ದರ ಮರುಪಾವತಿಗೆ ಅಲ್ಲಿಯೇ ಬೇರೆ ಅರ್ಜಿ. ಅದು ಕೈಗೆ ಬರುವವರೆಗೆ ಎರಡೂ ಹೊರೆ ನಿಮ್ಮದೇ. ಆದ್ದರಿಂದ ಮುಂಗಡ ಕೊಡುವ ಮೊದಲು ನಿಮ್ಮ ಆರ್.ಟಿ.ಒ. ಕಚೇರಿಯಲ್ಲಿ ತೆರಿಗೆ ಎಷ್ಟೆಂದು ಕೇಳಿ, ಬೆಲೆಗೆ ಕೂಡಿಸಿ. ಅಗ್ಗವೋ ದುಬಾರಿಯೋ ಆಗ ತಿಳಿಯುತ್ತದೆ.